ಪಾಲಿಬೆಟ್ಟದ ತೋಟಕ್ಕೆ ಬಂದ ಕಾಗದ

1916ರ ಅಕ್ಟೋಬರ್ 22ರಂದು, ಇಂಗ್ಲೆಂಡಿನಲ್ಲಿದ್ದ ಇಪ್ಪತ್ತೊಂದರ ಹರೆಯದ ವೈಮಾನಿಕನೊಬ್ಬ ತನ್ನ ತಂದೆ-ತಾಯಿಗೆ ದೀರ್ಘವಾದ ಪತ್ರವೊಂದನ್ನು ಬರೆದ. ಏಳು ವಾರಗಳ ಹಿಂದೆಯೇ ಬರೆಯಬೇಕಾಗಿದ್ದ ಪತ್ರ ಅದು. ಅಷ್ಟರಲ್ಲಿ ಆತನ ಹೆಸರು ಬ್ರಿಟಿಷ್ ಸಾಮ್ರಾಜ್ಯದ ಪತ್ರಿಕೆಗಳಲ್ಲೆಲ್ಲ ಅಚ್ಚಾಗಿತ್ತು, ಭಾವಚಿತ್ರಗಳು ಮಾರಾಟವಾಗುತ್ತಿದ್ದವು, ರಾಜನ ಕೈಯಿಂದ ಪದಕವೂ ದೊರೆತಿತ್ತು. ಹೆತ್ತವರಿಗೆ ಮಾತ್ರ ಮಗನ ಸ್ವಹಸ್ತದ ವೃತ್ತಾಂತ ತಲುಪಿರಲಿಲ್ಲ. ಅವರಿದ್ದುದು ಸಾವಿರಾರು ಮೈಲಿ ದೂರದ ದಕ್ಷಿಣ ಕೊಡಗಿನಲ್ಲಿ.

ಆತನೇ ವಿಲಿಯಂ ಲೀಫ್ ರಾಬಿನ್ಸನ್. ಬ್ರಿಟನ್ನಿನ ನೆಲದ ಮೇಲೆ ಜರ್ಮನ್ ವಾಯುನೌಕೆಯೊಂದನ್ನು ಹೊಡೆದುರುಳಿಸಿದ ಮೊದಲ ವೈಮಾನಿಕ. ಮೊದಲ ಮಹಾಯುದ್ಧದಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ವೀರರಲ್ಲಿ ಲಂಡನ್ ಜನತೆಗೆ ಅತ್ಯಂತ ಪರಿಚಿತವಾದ ಮುಖ. ಕರ್ನಾಟಕದಲ್ಲಿ ಈ ಹೆಸರನ್ನು ಬಲ್ಲವರು ವಿರಳ. ಆದರೆ ಆತ ಹುಟ್ಟಿದ್ದು ಕೊಡಗಿನ ಪಾಲಿಬೆಟ್ಟದ ಕೈಮಬೆಟ್ಟ ಎಸ್ಟೇಟಿನಲ್ಲಿ, 1895ರ ಜುಲೈ 14ರಂದು. ಅಕ್ಷರ ಕಲಿತ ಶಾಲೆಗಳಲ್ಲಿ ಒಂದು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆ.

ತಂದೆ ಹೊರೇಸ್ ರಾಬಿನ್ಸನ್ ಕಾಫಿ ಬೆಳೆಗಾರ. ತಾಯಿ ಎಲಿಜಬೆತ್, ಲೀಫ್ ಎಂಬುದು ಆಕೆಯ ತವರಿನ ಹೆಸರು. ಏಳು ಮಕ್ಕಳಲ್ಲಿ ವಿಲಿಯಂ ಕಡೆಯವನು. ಮನೆಯವರಿಗೆ ಬಿಲ್ಲಿ, ಮುಂದೆ ಸೇನೆಯ ಗೆಳೆಯರಿಗೆ ರಾಬಿನ್. ಆ ಕಾಲದ ಕೊಡಗಿನ ಬಿಳಿಯ ಬೆಳೆಗಾರರ ಬದುಕು ಒಂದು ಬಗೆಯ ದ್ವೀಪವಾಸ. ತೋಟದ ಬಂಗಲೆ, ಕುದುರೆ, ಬೇಟೆ, ವಾರಕ್ಕೊಮ್ಮೆ ಕ್ಲಬ್ಬು. ಸುತ್ತಲೂ ಕಾಡು, ಮಳೆಗಾಲದಲ್ಲಿ ಕೆಸರಿನ ದಾರಿ. ಕೂಲಿಯಾಳುಗಳಿಗೆ ಅವರು ದೊರೆಗಳು. ಮಕ್ಕಳು ಬೆಳೆಯುತ್ತಿದ್ದಂತೆ ಅವರನ್ನು ಹಡಗು ಹತ್ತಿಸಿ ವಿಲಾಯತಿಗೆ ಕಳುಹಿಸುವುದು ವಾಡಿಕೆ. ಹಾಗೆ ಕಳುಹಿಸಿದ ಮಗನನ್ನು ಮತ್ತೆ ನೋಡಲು ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಈ ಕುಟುಂಬಗಳಲ್ಲಿ ತಂದೆ-ತಾಯಿ ಮತ್ತು ಮಕ್ಕಳ ಸಂಬಂಧ ಬಹುಮಟ್ಟಿಗೆ ಅಂಚೆಯ ಮೂಲಕವೇ ನಡೆಯುತ್ತಿತ್ತು. ಯುದ್ಧ ಬರುವ ಮೊದಲೇ ಬಿಲ್ಲಿ ಕಾಗದ ಬರೆಯುವ ಮಗನಾಗಿದ್ದ.

ಆಕ್ಸ್‌ಫರ್ಡಿನ ಡ್ರ್ಯಾಗನ್ ಶಾಲೆಯಲ್ಲಿ ಕಲಿತು, 1909ರಲ್ಲಿ ಅಣ್ಣ ಹೆರಾಲ್ಡ್‌ನ ಹಿಂದೆ ಕಂಬರ್ಲೆಂಡಿನ ಸೇಂಟ್ ಬೀಸ್ ಶಾಲೆಗೆ ಸೇರಿದ. ಓದಿಗಿಂತ ಆಟೋಟದಲ್ಲಿ ಮುಂದು. ರಗ್ಬಿ ತಂಡದಲ್ಲಿದ್ದ, ಶಾಲೆಯ ಸೇನಾ ತರಬೇತಿ ದಳದಲ್ಲಿ ಸಾರ್ಜೆಂಟ್ ಆಗಿದ್ದ. 1914ರ ಆಗಸ್ಟಿನಲ್ಲಿ ಯುದ್ಧ ಸಿಡಿಯಿತು. ಅದೇ ತಿಂಗಳು ಸ್ಯಾಂಡ್‌ಹರ್ಸ್ಟ್ ಸೇನಾ ಕಾಲೇಜಿಗೆ ಪ್ರವೇಶ, ಡಿಸೆಂಬರಿನಲ್ಲಿ ವೂಸ್ಟರ್‌ಶೈರ್ ರೆಜಿಮೆಂಟಿನಲ್ಲಿ ಅಧಿಕಾರಿ ಪದವಿ. ಕಂದಕದ ಯುದ್ಧ ಆತನಿಗೆ ಒಗ್ಗುವಂಥದಾಗಿರಲಿಲ್ಲ. 1915ರ ಮಾರ್ಚಿನಲ್ಲಿ ರಾಯಲ್ ಫ್ಲೈಯಿಂಗ್ ಕೋರ್‌ಗೆ ವರ್ಗ ಮಾಡಿಸಿಕೊಂಡು ವೀಕ್ಷಕನಾಗಿ ಫ್ರಾನ್ಸಿಗೆ ಹೋದ. ವಿಮಾನ ಆಗಿನ್ನೂ ಹನ್ನೆರಡು ವರ್ಷದ ಕೂಸು. ಕಟ್ಟಿಗೆ, ಬಟ್ಟೆ ಮತ್ತು ತಂತಿಗಳ ಆ ಯಂತ್ರದಲ್ಲಿ ಕುಳಿತು ಶತ್ರುವಿನ ಸಾಲುಗಳನ್ನು ನೋಡಿ ಗುರುತು ಹಾಕಿಕೊಂಡು ಬರುವುದು ವೀಕ್ಷಕನ ಕೆಲಸ. ಲಿಲ್ ಪಟ್ಟಣದ ಮೇಲೆ ಹಾರುವಾಗ ತೋಳಿಗೆ ಸಿಡಿಗುಂಡಿನ ಚೂರು ತಗುಲಿತು. ಗುಣವಾದ ಮೇಲೆ ಹಿಂದಿನ ಆಸನ ಸಾಕೆನಿಸಿ ಹಾರಾಟ ಕಲಿತು, ಅದೇ ವರ್ಷ ಪೈಲಟ್ ಆದ.

ಆತನನ್ನು ಯುದ್ಧಭೂಮಿಗೆ ಮರಳಿ ಕಳುಹಿಸದೆ ಲಂಡನ್ನಿನ ರಕ್ಷಣೆಗೆ ನಿಯೋಜಿಸಲಾಯಿತು. 1915ರಿಂದ ಜರ್ಮನ್ ವಾಯುನೌಕೆಗಳು ಇಂಗ್ಲೆಂಡಿನ ಮೇಲೆ ರಾತ್ರಿ ಬಾಂಬು ಹಾಕತೊಡಗಿದ್ದವು. ಒಟ್ಟು ಯುದ್ಧಾವಧಿಯಲ್ಲಿ ಈ ದಾಳಿಗಳಿಂದ ಸತ್ತವರು ಐನೂರಕ್ಕೂ ಹೆಚ್ಚು. ಫ್ರಾನ್ಸಿನ ಕಂದಕಗಳಲ್ಲಿ ಒಂದು ಬೆಳಗಿನಲ್ಲಿ ಸಾಯುತ್ತಿದ್ದವರ ಮುಂದೆ ಇದು ಸಣ್ಣ ಸಂಖ್ಯೆ. ಆದರೆ ಮನೆಯ ಹಾಸಿಗೆಯಲ್ಲಿ ಮಲಗಿದ ಹೆಂಗಸರು ಮಕ್ಕಳ ಮೇಲೆ ಆಕಾಶದಿಂದ ಸಾವು ಬೀಳಬಹುದೆಂಬುದು ಮನುಷ್ಯಕುಲಕ್ಕೆ ಹೊಸ ಅನುಭವ. ಹದಿನಾರು ಮಹಡಿಯಷ್ಟು ದೂರವಲ್ಲ, ಎರಡು ಮೈಲಿಗೂ ಎತ್ತರದಲ್ಲಿ ತೇಲುವ, ಮುಕ್ಕಾಲು ಫರ್ಲಾಂಗಿಗೂ ಮಿಕ್ಕ ಉದ್ದದ ಆ ಜಲಜನಕದ ಹಡಗುಗಳಿಗೆ ಗುಂಡು ಹೊಡೆದರೆ ತೂತು ಬೀಳುತ್ತಿತ್ತೇ ಹೊರತು ಬೆಂಕಿ ಹತ್ತುತ್ತಿರಲಿಲ್ಲ. ರಾಬಿನ್ಸನ್ 1916ರ ಏಪ್ರಿಲಿನಲ್ಲಿ ಒಂದು ವಾಯುನೌಕೆಯ ಬೆನ್ನುಹತ್ತಿ ಗುಂಡು ಹಾರಿಸಿಯೂ ಬರಿಗೈಯಲ್ಲಿ ಮರಳಿದ್ದ.

ಅದೇ ವರ್ಷ ಕೈಮಬೆಟ್ಟಕ್ಕೆ ಇನ್ನೊಂದು ಸುದ್ದಿ ಬಂದಿತು. ಮೆಸಪೊಟೇಮಿಯಾದಲ್ಲಿ, ತುರ್ಕರು ಮುತ್ತಿದ್ದ ಕೂಟ್ ಪಟ್ಟಣವನ್ನು ಬಿಡಿಸುವ ಹೋರಾಟದ ಕಾಲದಲ್ಲಿ ಹೆರಾಲ್ಡ್ ಮಡಿದಿದ್ದ.

ಕೂಟ್ ಎಂಬ ಹೆಸರು ಬೆಳಗಾವಿ ಸೀಮೆಯ ಸೈನಿಕ ಪರಂಪರೆಯೊಂದಿಗೂ ಬೆಸೆದುಕೊಂಡಿದೆ ಎಂಬುದನ್ನು ಇಲ್ಲಿ ನೆನೆಯಬೇಕು. ಆ ಮುತ್ತಿಗೆಯಲ್ಲಿ ಸಿಲುಕಿ, ಕುದುರೆ ಮಾಂಸ ತಿನ್ನುವ ಸ್ಥಿತಿಗೆ ಬಂದು, 1916ರ ಏಪ್ರಿಲ್ 29ರಂದು ಶರಣಾದ ಪಡೆಯಲ್ಲಿ 103, 110 ಮತ್ತು 117ನೆಯ ಮರಾಠಾ ಪಲ್ಟಣಗಳಿದ್ದವು. ಯುದ್ಧಾನಂತರ ಈ ಪಲ್ಟಣಗಳೆಲ್ಲ ಸೇರಿ, ಇಂದು ಬೆಳಗಾವಿಯಲ್ಲಿ ಕೇಂದ್ರ ಹೊಂದಿರುವ ಮರಾಠಾ ಲಘು ಪದಾತಿ ದಳವಾದವು. ಆಗ ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲವೂ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ಮಗ ಪಲ್ಟಣಿಗೆ ಹೋದ ಮನೆಯವರು ಟಪಾಲಿನವನ ದಾರಿ ಕಾಯುವುದು, ಬಂದ ಕಾಗದವನ್ನು ಅಕ್ಷರ ಬಲ್ಲವರ ಮುಂದೆ ಹಿಡಿದು ಓದಿಸಿಕೊಳ್ಳುವುದು ಈ ಸೀಮೆಗೆ ಹೊಸತಲ್ಲ. ಮೊದಲ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಸಮುದ್ರ ದಾಟಿ ಹೋದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಬಹುತೇಕ ಸಿಪಾಯಿಗಳಿಗೆ ಬರೆಯಲು ಬರುತ್ತಿರಲಿಲ್ಲ. ಬರೆಯಬಲ್ಲ ಜೊತೆಗಾರನಿಗೆ ಹೇಳಿ ಬರೆಯಿಸಬೇಕು. ಆ ಕಾಗದವನ್ನು ಸೆನ್ಸಾರ್ ಅಧಿಕಾರಿ ಒಡೆದು ಓದುತ್ತಿದ್ದ. ಫ್ರಾನ್ಸಿನಿಂದ ಭಾರತೀಯ ಸಿಪಾಯಿಗಳು ಬರೆಯಿಸಿದ ಪತ್ರಗಳಲ್ಲಿ ಅನೇಕವು ಇಂದು ಉಳಿದಿರುವುದು ಸೆನ್ಸಾರ್ ಕಚೇರಿ ಮಾಡಿಸಿಟ್ಟ ಇಂಗ್ಲಿಷ್ ಅನುವಾದಗಳ ರೂಪದಲ್ಲಿ ಮಾತ್ರ. ಹೇಳಿದವನ ಭಾಷೆಯೇ ಕಳೆದುಹೋಗಿದೆ. ಅಧಿಕಾರಿಯಾಗಿದ್ದ ರಾಬಿನ್ಸನ್‌ಗೆ ಈ ಕಟ್ಟುಗಳು ಸಡಿಲ. ಆತನ ಮಾತು ಆತನ ಕೈಬರಹದಲ್ಲಿಯೇ ಮನೆ ಸೇರುತ್ತಿತ್ತು. ಆದರೂ ಅಂಚೆಯ ಹಾದಿಯಲ್ಲಿ ಎಲ್ಲರೂ ಸಮಾನರು. 1915ರ ಡಿಸೆಂಬರ್ 30ರಂದು ಮುಂಬಯಿಗೆ ಹೊರಟಿದ್ದ ಪರ್ಷಿಯಾ ಎಂಬ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಕ್ರೀಟ್ ದ್ವೀಪದ ಬಳಿ ಮುಳುಗಿಸಿದಾಗ ಮುನ್ನೂರಕ್ಕೂ ಹೆಚ್ಚು ಜನ ನೀರುಪಾಲಾದರು. ಸೂಯೆಜ್ ದಾಟಿ, ಮುಂಬಯಿಗೆ ಬಂದು, ರೈಲಿನಲ್ಲಿ ದಕ್ಷಿಣಕ್ಕಿಳಿದು, ರೈಲೇ ಇಲ್ಲದ ಕೊಡಗಿನ ಘಟ್ಟವೇರಿ ಬರುವ ಒಂದು ಕಾಗದಕ್ಕೆ ವಾರಗಳೇ ಬೇಕಾಗುತ್ತಿದ್ದವು. ಬರೆದ ಮಗ ಓದುವ ಹೊತ್ತಿಗೆ ಬದುಕಿದ್ದಾನೆಂಬ ಖಾತರಿ ಯಾವ ತಾಯಿಗೂ ಇರಲಿಲ್ಲ.

ಇನ್ನು ಆ ರಾತ್ರಿಯ ಮಾತು. 1916ರ ಸೆಪ್ಟೆಂಬರ್ 2ರ ಸಂಜೆ ಜರ್ಮನಿಯಿಂದ ಹದಿನಾರು ವಾಯುನೌಕೆಗಳು ಹೊರಟವು. ಯುದ್ಧದುದ್ದಕ್ಕೂ ಅದಕ್ಕಿಂತ ದೊಡ್ಡ ವಾಯುನೌಕಾ ದಾಳಿ ನಡೆಯಲಿಲ್ಲ. ರಾಬಿನ್ಸನ್ ಆಗ ಎಸೆಕ್ಸ್‌ನ ಹಾರ್ನ್‌ಚರ್ಚ್ ಬಳಿಯ ಸಟ್ಟನ್ಸ್ ಫಾರ್ಮ್ ಎಂಬ ಹೊಲದಂಥ ನಿಲ್ದಾಣದಲ್ಲಿ 39ನೆಯ ಸ್ಕ್ವಾಡ್ರನ್ನಿನಲ್ಲಿದ್ದ. ರಾತ್ರಿ ಹನ್ನೊಂದು ಗಂಟೆ ದಾಟುತ್ತಿದ್ದಂತೆ ಬಿ.ಇ. 2ಸಿ ವಿಮಾನವನ್ನೇರಿದ. ಅದು ನಿಧಾನದ ಯಂತ್ರ. ಹತ್ತು ಸಾವಿರ ಅಡಿ ಏರಲು ಐವತ್ಮೂರು ನಿಮಿಷ ಹಿಡಿಯಿತು. ತೆರೆದ ಆಸನ, ಮೂಳೆ ಕೊರೆಯುವ ಚಳಿ, ಪ್ಯಾರಾಚೂಟ್ ಇಲ್ಲ, ನೆಲದೊಂದಿಗೆ ಮಾತಾಡುವ ಸಾಧನವಿಲ್ಲ; ಇಳಿಯುವಾಗ ಕೆಳಗೆ ಹೊತ್ತಿಸಿಟ್ಟ ದೀಪಗಳೇ ಗತಿ. ಅಂದಿನ ರಾತ್ರಿ ಹಾರಾಟದಲ್ಲಿ ಶತ್ರುವಿಗಿಂತ ಹೆಚ್ಚು ಪೈಲಟ್‌ಗಳನ್ನು ಕೊಂದದ್ದು ಕತ್ತಲೆ ಮತ್ತು ಮಂಜು.

ಎರಡು ಗಂಟೆಗಳ ಕಾಲ ಸುತ್ತಿದ ಮೇಲೆ ಒಂದು ವಾಯುನೌಕೆ ಕಂಡಿತು. ಎತ್ತರ ಕಳೆದುಕೊಳ್ಳಬಾರದೆಂಬ ಎಚ್ಚರದಲ್ಲಿ ನಿಧಾನಿಸಿದ. ಅದು ಮೋಡದೊಳಗೆ ಜಾರಿಕೊಂಡಿತು. ಇಂಧನ ಕರಗುತ್ತಿತ್ತು, ಮರಳಬಹುದಿತ್ತು, ಮರಳಲಿಲ್ಲ. ಎರಡು ಗಂಟೆಯ ಸುಮಾರಿಗೆ ಶೋಧಕ ದೀಪಗಳ ಬೆಳಕಿನಲ್ಲಿ ಇನ್ನೊಂದು ಕಂಡಾಗ, ಹಿಂದಿನ ಅನುಭವದಿಂದ ಪಾಠ ಕಲಿತು, ಮೂಗು ಬಗ್ಗಿಸಿ ನೇರ ಅದರತ್ತ ನುಗ್ಗಿದ. ತನ್ನವರೇ ಕೆಳಗಿನಿಂದ ಹಾರಿಸುತ್ತಿದ್ದ ಫಿರಂಗಿ ಗುಂಡುಗಳು ಸುತ್ತಲೂ ಸಿಡಿಯುತ್ತಿದ್ದವು. ಅದರ ಹೊಟ್ಟೆಯಡಿ ಸಾಗುತ್ತ ಉದ್ದಕ್ಕೂ ಒಂದು ಡ್ರಮ್ ಗುಂಡು ಸುರಿದ, ಏನೂ ಆಗಲಿಲ್ಲ. ಪಕ್ಕದಿಂದ ಎರಡನೆಯ ಡ್ರಮ್, ಆಗಲೂ ಇಲ್ಲ. ಮೂರನೆಯದನ್ನು ಹಿಂಭಾಗದ ಒಂದೇ ಜಾಗಕ್ಕೆ ಗುರಿಯಿಟ್ಟು ಖಾಲಿಮಾಡಿದ. ಬ್ರಾಕ್ ಮತ್ತು ಪಾಮರಾಯ್ ಎಂಬಿಬ್ಬರ ಹೆಸರಿನ ಹೊಸ ಸ್ಫೋಟಕ ಗುಂಡುಗಳು ಅವು. ಒಳಗೆ ಸಣ್ಣ ಕೆಂಪು ಕಾಣಿಸಿತು; ಕೆಲವೇ ಕ್ಷಣಗಳಲ್ಲಿ ಇಡೀ ಹಡಗು ಧಗಧಗಿಸಿತು.

ಅದು ಎಸ್.ಎಲ್. 11. ಹಾರ್ಟ್‌ಫರ್ಡ್‌ಶೈರಿನ ಕಫ್ಲಿ ಎಂಬ ಹಳ್ಳಿಯ ಹೊಲದಲ್ಲಿ ಬಿದ್ದಿತು. ಒಳಗಿದ್ದ ಹದಿನಾರು ಮಂದಿಯೂ ಸುಟ್ಟು ಸತ್ತರು. ಅದರ ನಾಯಕ ವಿಲ್ಹೆಲ್ಮ್ ಶ್ರಾಮ್ ಹುಟ್ಟಿದ್ದು ಲಂಡನ್ನಿನಲ್ಲಿ. ಲಂಡನ್ನಿನಲ್ಲಿ ಹುಟ್ಟಿದವನು ಲಂಡನ್ನಿಗೆ ಬಾಂಬು ಹಾಕಲು ಬಂದು, ಕೊಡಗಿನಲ್ಲಿ ಹುಟ್ಟಿದವನ ಗುಂಡಿಗೆ ಬಲಿಯಾದ. ಸಾಮ್ರಾಜ್ಯಗಳ ಆ ಕಾಲದಲ್ಲಿ ಹುಟ್ಟೂರಿಗೂ ಸ್ವದೇಶಕ್ಕೂ ಇದ್ದ ನಂಟು ಅಷ್ಟು ವಿಚಿತ್ರವಾಗಿತ್ತು.

ಬೆಂಕಿಯನ್ನು ಲಂಡನ್ನಿನ ಲಕ್ಷಾಂತರ ಜನ ಬೀದಿಗೆ ಬಂದು ನೋಡಿದರು. ಕುಣಿದರು, ಹಾಡಿದರು, ರೈಲು ಎಂಜಿನ್‌ಗಳು ಸಿಳ್ಳು ಹಾಕಿದವು. ಬೇರೆ ವಾಯುನೌಕೆಗಳ ಸಿಬ್ಬಂದಿಯೂ ಅದನ್ನು ದೂರದಿಂದ ಕಂಡರು. ಹಲವು ನೌಕೆಗಳು ಲಂಡನ್ ತಲುಪದೆಯೇ ತಿರುಗಿದವು. ಇತ್ತ ರಾಬಿನ್ಸನ್ ಎರಡೂಮುಕ್ಕಾಲಕ್ಕೆ ನೆಲಕ್ಕಿಳಿದಾಗ ಇಂಧನ ಬಹುಮಟ್ಟಿಗೆ ಮುಗಿದಿತ್ತು. ಉದ್ವೇಗದಲ್ಲಿ ತನ್ನದೇ ವಿಮಾನದ ಮೇಲಿನ ರೆಕ್ಕೆಯ ನಡುಭಾಗಕ್ಕೆ ಗುಂಡು ಹೊಡೆದುಕೊಂಡಿದ್ದುದು ಆಗ ತಿಳಿಯಿತು.

ವಿಕ್ಟೋರಿಯಾ ಕ್ರಾಸ್ ಎರಡೇ ದಿನಗಳಲ್ಲಿ, ಸೆಪ್ಟೆಂಬರ್ 5ರಂದು ಘೋಷಣೆಯಾಯಿತು. ಅದೇ ವಾರ ವಿಂಡ್ಸರ್ ಅರಮನೆಯಲ್ಲಿ ಐದನೆಯ ಜಾರ್ಜ್ ದೊರೆ ಪದಕ ತೊಡಿಸಿದ. ಮೊದಲ ವಾಯುನೌಕೆಯನ್ನು ಉರುಳಿಸಿದವನಿಗೆಂದು ಶ್ರೀಮಂತರು ಘೋಷಿಸಿದ್ದ ಬಹುಮಾನಗಳು ಸೇರಿ 3,500 ಪೌಂಡ್ ಕೈಸೇರಿತು. ಆತ ಹೊಸ ವಾಕ್ಸ್‌ಹಾಲ್ ಕಾರು ಕೊಂಡ. ಬಿದ್ದ ನೌಕೆಯ ತಂತಿಯ ತುಣುಕುಗಳನ್ನು ರೆಡ್‌ಕ್ರಾಸ್ ಸಂಸ್ಥೆ ಗಾಯಾಳುಗಳ ನೆರವಿಗಾಗಿ ಮಾರಿತು. ಸರ್ಕಾರವೂ ಸಂದರ್ಭವನ್ನು ಬಿಡಲಿಲ್ಲ. ಬಿದ್ದದ್ದು ಶುಟ್ಟೆ-ಲಾನ್ಜ್ ಕಂಪನಿಯ ಮರದ ಚೌಕಟ್ಟಿನ ಸೇನಾ ನೌಕೆ. ಜನ ಶಪಿಸುತ್ತಿದ್ದುದು ಜೆಪ್ಪೆಲಿನ್ ಎಂಬ ಹೆಸರನ್ನು. ಹಾಗಾಗಿ ಅದನ್ನು ಎಲ್. 21 ಎಂಬ ಜೆಪ್ಪೆಲಿನ್ ಎಂದೇ ಪ್ರಚಾರ ಮಾಡಲಾಯಿತು. ನಿಜವಾದ ಎಲ್. 21 ಅನಂತರವೂ ಹಾರುತ್ತಿದ್ದು, ಅದೇ ನವೆಂಬರಿನಲ್ಲಿ ನಾಶವಾಯಿತು. ಗೆಲುವು ನಿಜವಿದ್ದಾಗಲೂ ಯುದ್ಧಕಾಲದ ಪ್ರಚಾರಕ್ಕೆ ಅದಕ್ಕೊಂದು ಸುಳ್ಳನ್ನು ಬೆರೆಸದೆ ತೃಪ್ತಿಯಿರುವುದಿಲ್ಲ.

ಕೊಡಗಿಗೆ ಹೋದ ಅಕ್ಟೋಬರ್ 22ರ ಪತ್ರದ ಬೆಲೆ ಇರುವುದು ಇಲ್ಲಿಯೇ. ಅದು ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲ. ಪತ್ರಿಕೆಗೆ ಕೊಟ್ಟ ಹೇಳಿಕೆಯೂ ಅಲ್ಲ. ಇಷ್ಟು ದಿನ ಬರೆಯದಿದ್ದುದಕ್ಕೆ ನಾಚಿಕೆಪಟ್ಟುಕೊಂಡು, ತನ್ನ ಸೋಮಾರಿತನ ಹೆತ್ತವರಿಗೆ ಹೊಸತಲ್ಲವೆಂಬ ಸಲಿಗೆಯೊಂದಿಗೆ ಅದು ಆರಂಭವಾಗುತ್ತದೆ. ನೌಕೆ ಹೊತ್ತಿಕೊಂಡಾಗ ಆಕಾಶವೆಲ್ಲ ಬೆಳಗಿ, ಆ ಬೆಳಕಿನಲ್ಲಿ ತನ್ನ ವಿಮಾನವೂ ತನಗೇ ಕಂಡುದನ್ನು ಆತ ವರ್ಣಿಸುತ್ತಾನೆ. ತಾನು ಮಾಡಿದ್ದೇನೆಂಬುದು ತಕ್ಷಣ ಅರಿವಿಗೆ ಬಾರದೆ ಮಂಕಾಗಿ ನೋಡುತ್ತ ಕುಳಿತುದು, ಆ ಬೃಹದಾಕಾರ ತುದಿಯ ಮೇಲೆ ನಿಂತು ಮೆಲ್ಲನೆ ಕುಸಿದುದು, ಆಮೇಲೆ ಹುಚ್ಚು ಸಂತೋಷ ಉಕ್ಕಿದುದು ಎಲ್ಲವೂ ಅಲ್ಲಿದೆ. ಆ ಸಂತೋಷ ಇಳಿದ ಮೇಲೆ ದೇವರಿಗೆ ಕೃತಜ್ಞತೆ ಸಲ್ಲಿಸಿದ್ದನ್ನು ಆತ ಸಂಕೋಚದಿಂದಲೇ ಹೇಳಿಕೊಳ್ಳುತ್ತಾನೆ; ತಾನು ಧರ್ಮಭೀರುವಲ್ಲವೆಂಬುದು ಅವರಿಗೇ ಗೊತ್ತಲ್ಲ. ಇಳಿದಾಗ ಗೆಳೆಯರು ಹೆಗಲಮೇಲೆ ಹೊತ್ತು ಕೂಗಾಡಿದ್ದು, ಮಕ್ಕಳಿಗೂ ಹೂಗಳಿಗೂ ಟೋಪಿಗಳಿಗೂ ತನ್ನ ಹೆಸರಿಡುತ್ತಿರುವುದು, ಬೀದಿಯಲ್ಲಿ ಪೊಲೀಸರು ಸಲಾಮು ಹೊಡೆಯುವುದು, ಹೋಟೆಲಿನಲ್ಲಿ ಜನ ತಿರುಗಿ ತಿರುಗಿ ನೋಡುವುದು ತನಗೆ ಅತಿಯಾಯಿತೆಂದು ಗೊಣಗುತ್ತಾನೆ. ಆ ಗೊಣಗಿನಲ್ಲಿ ಹುಡುಗತನದ ಹೆಮ್ಮೆಯೂ ಇಲ್ಲದಿಲ್ಲ. ತನ್ನ ನಂತರ ಜೆಪ್ಪೆಲಿನ್‌ಗಳನ್ನು ಉರುಳಿಸಿದ ಸೌರಿ ಮತ್ತು ಟೆಂಪೆಸ್ಟ್ ಇಬ್ಬರೂ ತನ್ನ ಜೊತೆಗಾರರೇ ಎಂಬುದು ಆತನಿಗೆ ಸ್ವಂತ ಪದಕದಷ್ಟೇ ಸಂತೋಷದ ಸಂಗತಿ.

ಪತ್ರದ ಸಂಭ್ರಮದಲ್ಲಿ ಹದಿನಾರು ಸಾವುಗಳಿಗೆ ಹೆಚ್ಚು ಜಾಗವಿಲ್ಲವೆಂದು ಇಂದಿನ ಓದುಗನಿಗೆ ಕಸಿವಿಸಿಯಾದೀತು. ಅಣ್ಣನನ್ನು ಅದೇ ವರ್ಷ ಕಳೆದುಕೊಂಡ, ಇಪ್ಪತ್ತೊಂದರ ಯುವಕನೊಬ್ಬ, ಇನ್ನೊಬ್ಬ ಮಗನ ಶೋಕದಲ್ಲಿದ್ದ ತಾಯಿಗೆ ಬರೆದ ಕಾಗದವದು. ಅಂಥ ಮನೆಗೆ ಯಾವ ಮಗ ತಾನೆ ಸಾವಿನ ವಿವರ ಬರೆದಾನು? ತಾನು ಬದುಕಿದ್ದೇನೆ, ನಗುತ್ತಿದ್ದೇನೆ ಎಂಬುದೇ ಆ ಕಾಗದದ ಮುಖ್ಯ ಸುದ್ದಿಯಾಗಿತ್ತು.

ಕೀರ್ತಿ ಆತನಿಗೆ ಒಳಿತು ಮಾಡಲಿಲ್ಲ. ತಿಂಗಳುಗಟ್ಟಲೆ ಸನ್ಮಾನಗಳಲ್ಲಿ ಕಳೆದು, 1917ರ ವಸಂತದಲ್ಲಿ 48ನೆಯ ಸ್ಕ್ವಾಡ್ರನ್ನಿನ ಫ್ಲೈಟ್ ಕಮಾಂಡರನಾಗಿ ಫ್ರಾನ್ಸಿಗೆ ಹೋದ. ಎರಡು ವರ್ಷಗಳ ಹಿಂದೆ ಆತ ಕಂಡ ಆಕಾಶ ಈಗ ಇರಲಿಲ್ಲ. ಏಪ್ರಿಲ್ 5ರಂದು ಹೊಚ್ಚಹೊಸ ಬ್ರಿಸ್ಟಲ್ ಫೈಟರ್ ವಿಮಾನಗಳ ಮೊದಲ ಗಸ್ತನ್ನು ನಡೆಸಿದ; ಒಟ್ಟು ಆರು ವಿಮಾನಗಳು. ಎದುರಾದದ್ದು ಮಾನ್‌ಫ್ರೆಡ್ ಫಾನ್ ರಿಕ್ತೋಫೆನ್‌ನ ತಂಡ. ಬ್ರಿಸ್ಟಲ್ ಚುರುಕಾದ ಯಂತ್ರ. ಅದನ್ನು ಬೇಟೆಗಾರನಂತೆ ತಿರುಗಿಸಿ ಕಾದಾಡಬೇಕಿತ್ತು. ರಾಬಿನ್ಸನ್‌ನ ತಂಡ ಹಳೆಯ ಪದ್ಧತಿಯಂತೆ ಸಾಲು ಬಿಡದೆ ಒತ್ತಾಗಿ ಹಾರುತ್ತ ಹಿಂದಿನ ಬಂದೂಕುಗಳನ್ನೇ ನಂಬಿತು. ಆರರಲ್ಲಿ ನಾಲ್ಕು ಮರಳಲಿಲ್ಲ. ರಾಬಿನ್ಸನ್‌ನ ವಿಮಾನವನ್ನು ಉರುಳಿಸಿದವನು ಸೆಬಾಸ್ಟಿಯನ್ ಫೆಸ್ಟ್ನರ್. ಆತನೂ ಅದೇ ತಿಂಗಳು ಮಡಿದ. ಕತ್ತಲಲ್ಲಿ ಒಂಟಿಯಾಗಿ ಹೋರಾಡಿ ಗೆದ್ದವನನ್ನು, ಆ ಗೆಲುವಿನ ಕಾರಣಕ್ಕಾಗಿಯೇ, ಹಗಲಿನ ಬೇರೆಯದೇ ಯುದ್ಧಕ್ಕೆ ನಾಯಕನನ್ನಾಗಿ ಕಳುಹಿಸಿದವರ ಹೊಣೆಯೂ ಇದರಲ್ಲಿ ಕಡಿಮೆಯಲ್ಲ. ಅದೇ ಬ್ರಿಸ್ಟಲ್ ವಿಮಾನ ಸರಿಯಾದ ಬಳಕೆ ತಿಳಿದ ಮೇಲೆ ಆ ಯುದ್ಧದ ಅತ್ಯುತ್ತಮ ಯಂತ್ರಗಳಲ್ಲೊಂದು ಎನಿಸಿತು.

ಆತ ಸತ್ತನೆಂಬ ಸುದ್ದಿ ಹಬ್ಬಿತು. ಗಾಯಗೊಂಡು ಸೆರೆಸಿಕ್ಕಿದ್ದಾನೆಂಬುದು ತಡವಾಗಿ ತಿಳಿಯಿತು. ಮುಂದಿನ ಇಪ್ಪತ್ತು ತಿಂಗಳು ಜರ್ಮನಿಯ ಸೆರೆಶಿಬಿರಗಳಲ್ಲಿ: ಫ್ರೈಬುರ್ಗ್, ಜೋರ್ನ್‌ಡಾರ್ಫ್, ಹೋಲ್ಟ್ಸ್‌ಮಿಂಡೆನ್. ಪದೇ ಪದೇ ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದ. ಹೋಲ್ಟ್ಸ್‌ಮಿಂಡೆನ್‌ನ ಅಧಿಕಾರಿ ಕಾರ್ಲ್ ನೀಮೆಯರ್ ಕ್ರೌರ್ಯಕ್ಕೆ ಹೆಸರಾದವನು. ವಾಯುನೌಕೆಯನ್ನು ಸುಟ್ಟವನು ಇವನೇ ಎಂಬುದು ತಿಳಿದಿದ್ದ ಆತ ರಾಬಿನ್ಸನ್‌ನನ್ನು ವಿಶೇಷವಾಗಿ ಕಾಡಿದ. ಏಕಾಂತ ಸೆರೆ ವಿಧಿಸಿದ. ದೇಹ ಇಳಿದುಹೋಯಿತು.

1918ರ ನವೆಂಬರಿನಲ್ಲಿ ಕದನವಿರಾಮ. ಡಿಸೆಂಬರ್ ಮಧ್ಯದಲ್ಲಿ ರಾಬಿನ್ಸನ್ ಇಂಗ್ಲೆಂಡಿಗೆ ಬಂದ. ಕ್ರಿಸ್‌ಮಸ್ ಹೊತ್ತಿಗೆ ಜ್ವರ ಹಿಡಿಯಿತು. ಅದು ಆ ವರ್ಷ ಜಗತ್ತನ್ನೇ ಬಾಚಿದ ಇನ್‌ಫ್ಲುಯೆಂಜಾ. ಭಾರತದಲ್ಲಿಯೇ ಒಂದು ಕೋಟಿಗೂ ಮಿಕ್ಕಿ ಜನ ಅದಕ್ಕೆ ತುತ್ತಾದರು. ಮುಂಬಯಿ ಪ್ರಾಂತಕ್ಕೆ ಬಿದ್ದ ಪೆಟ್ಟು ಬಹು ದೊಡ್ಡದು. ಯುದ್ಧದಿಂದ ಬದುಕಿ ಬಂದವರನ್ನು ಮನೆಯ ಹೊಸ್ತಿಲಲ್ಲಿ ಕಾದು ಒಯ್ದ ಜ್ವರ ಅದು. ಲಂಡನ್ ಹೊರವಲಯದ ಸ್ಟಾನ್‌ಮೋರ್‌ನ ಅಕ್ಕನ ಮನೆಯಲ್ಲಿ, ಮದುವೆಯಾಗಬೇಕಿದ್ದ ಜೋನ್ ವಿಪಲ್ ಮತ್ತು ಅಕ್ಕನ ಆರೈಕೆಯ ನಡುವೆ, 1918ರ ಡಿಸೆಂಬರ್ 31ರಂದು ಆತ ತೀರಿಕೊಂಡ. ವಯಸ್ಸು 23. ಜೋನ್ ವಿಪಲ್ ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡು ಮತ್ತೊಮ್ಮೆ ಬದುಕು ಕಟ್ಟಿಕೊಳ್ಳಲು ಹೊರಟಿದ್ದ ಹೆಣ್ಣುಮಗಳು.

ಜನವರಿ 3ರಂದು ಹ್ಯಾರೋ ವೀಲ್ಡ್‌ನಲ್ಲಿ ಸೇನಾ ಮರ್ಯಾದೆಯೊಂದಿಗೆ ಅಂತ್ಯಕ್ರಿಯೆ ನಡೆಯಿತು. ಕಫ್ಲಿಯಲ್ಲಿ ಪತ್ರಿಕೆಯೊಂದರ ಓದುಗರು ಕೂಡಿಸಿದ ಹಣದಿಂದ ಸ್ಮಾರಕವೆದ್ದು 1921ರ ಜೂನಿನಲ್ಲಿ ಅನಾವರಣಗೊಂಡಿತು. ಸಟ್ಟನ್ಸ್ ಫಾರ್ಮ್ ಇದ್ದ ಜಾಗದಲ್ಲಿ ಈಗ ಮನೆಗಳೆದ್ದಿವೆ. ಅಲ್ಲಿನ ರಸ್ತೆಗಳಿಗೆ ರಾಬಿನ್ಸನ್, ಸೌರಿ, ಟೆಂಪೆಸ್ಟ್ ಹೆಸರುಗಳಿವೆ. ಪಾಟರ್ಸ್ ಬಾರ್‌ನಲ್ಲಿ ಹೂಳಲಾಗಿದ್ದ ಶ್ರಾಮ್ ಮತ್ತು ಆತನ ಹದಿನೈದು ಸಂಗಡಿಗರನ್ನು 1960ರ ದಶಕದಲ್ಲಿ ಕ್ಯಾನಕ್ ಚೇಸ್‌ನ ಜರ್ಮನ್ ಸೇನಾ ರುದ್ರಭೂಮಿಗೆ ಒಯ್ಯಲಾಯಿತು. ವಿಕ್ಟೋರಿಯಾ ಕ್ರಾಸನ್ನು ಕುಟುಂಬದವರು 1988ರಲ್ಲಿ ಹರಾಜಿಗಿಟ್ಟರು. 99,000 ಪೌಂಡ್ ಬಂದಿತು. ಆ ಹಣ ರಕ್ತ ಕ್ಯಾನ್ಸರಿನಿಂದ ನರಳುವ ಮಕ್ಕಳ ನೆರವಿಗೆ ಹೋಯಿತು.